ವೋಲ್ಟೇಜ್ ಇಳಿದರೆ ವಾಟ್ ಎಷ್ಟು?

ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪಕ್ಕೆ ವಿದ್ಯುತ್ ಪೂರೈಸುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಮನೆಯ ಸಿಂಗಲ್ ಫೇಸ್ ವೋಲ್ಟೇಜ್ 230, ಆವರ್ತನ 50 ಹರ್ಟ್ಜ್. ಇಲ್ಲಿನ ಇಸ್ತ್ರಿಪೆಟ್ಟಿಗೆಯೊಂದು 5 ಆಂಪಿಯರ್ ಎಳೆದರೆ ರೋಧ 230 ÷ 5 = 46 ಓಮ್; ಸಾಮರ್ಥ್ಯ 230 × 5 = 1150 ವಾಟ್.

ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಸಂಜೆ ವೋಲ್ಟೇಜ್ 184ಕ್ಕೆ ಕುಸಿಯಿತು ಎನ್ನಿ. ರೋಧ ಬಹುಪಾಲು ಹಾಗೇ ಉಳಿಯುವುದರಿಂದ ಪ್ರವಾಹ 4 ಆಂಪಿಯರ್, ಸಾಮರ್ಥ್ಯ 736 ವಾಟ್. ವೋಲ್ಟೇಜ್ ಇಳಿದದ್ದು ಶೇ. 20, ಸಾಮರ್ಥ್ಯ ಇಳಿದದ್ದು ಶೇ. 36! ಸಾಮರ್ಥ್ಯವು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದೇ ಕಾರಣ. ಇದನ್ನು ಬಾಯಿಪಾಠ ಮಾಡದೆ ಲೆಕ್ಕ ಹಾಕಿಯೇ ಕಲಿಯಿರಿ.

ಪಂಪ್‌ಸೆಟ್ ಮೋಟಾರಿಗೆ ಈ ಲೆಕ್ಕ ನೇರವಾಗಿ ಹೊಂದದು. ಅಲ್ಲಿ ಪವರ್ ಫ್ಯಾಕ್ಟರ್‌ನಿಂದಲೂ ಗುಣಿಸಬೇಕು.