ಮನೆಗೆ ಎಷ್ಟು ದೊಡ್ಡ ಹೊಗೆಪೆಟ್ಟಿಗೆ ಬೇಕು?



ನಮ್ಮ ಹಿರಿಯರ ಅಡುಗೆಮನೆಗಳಲ್ಲಿ ಒಲೆಯ ಮೇಲ್ಗಡೆ ಒಂದು ಅಟ್ಟ ಇರುತ್ತಿತ್ತು. ಮಳೆಗಾಲಕ್ಕೆ ಬೇಕಾದ ಕಟ್ಟಿಗೆ, ಹುಳಿ, ಬಿತ್ತನೆಯ ಬೀಜ ಎಲ್ಲವೂ ಅಲ್ಲಿಯೇ ಹೊಗೆಗೆ ಒಣಗುತ್ತಿದ್ದವು. ಕೊಡಗು, ವಯನಾಡಿನ ಕಡೆಯಲ್ಲಿ ಉಪ್ಪು ಸವರಿದ ಮಾಂಸವನ್ನೂ ಹೀಗೆಯೇ ಒಲೆಯ ಮೇಲೆ ತೂಗುಹಾಕಿ ಒಣಗಿಸುವ ಕ್ರಮವಿದೆ. ಈಗ ಗ್ಯಾಸ್ ಒಲೆ ಬಂದಿದೆ, ಅಟ್ಟ ಹೋಗಿದೆ. ಆದರೆ ಹೊಗೆ ಹಿಡಿಸಿದ ಮಾಂಸದ ರುಚಿ ಬಲ್ಲವರಿಗೆ ಅದರ ಆಸೆ ಹೋಗಿಲ್ಲ. ಹಂದಿ ಸಾಕುವ ಕೆಲವು ಕುಟುಂಬಗಳವರು ಹಳೆಯ ಡ್ರಮ್ಮಿನಿಂದ ಹೊಗೆಪೆಟ್ಟಿಗೆ ಮಾಡಿಸುತ್ತಾರೆ. ಪೇಟೆಯಲ್ಲಿ 'ಸ್ಮೋಕರ್' ಎಂಬ ಹೆಸರಿನಲ್ಲಿ ಸಿದ್ಧ ಪೆಟ್ಟಿಗೆಗಳೂ ದೊರೆಯುತ್ತವೆ. ಕೊಳ್ಳುವಾಗ ಎಲ್ಲರಿಗೂ ಬರುವ ಪ್ರಶ್ನೆ ಒಂದೇ: ಎಷ್ಟು ದೊಡ್ಡದು ಬೇಕು?

"ಇರಲಿ, ಕ್ರಿಸ್‌ಮಸ್ ಹಬ್ಬಕ್ಕೆ ಬೇಕಾಗುತ್ತದೆ, ದೊಡ್ಡದನ್ನೇ ತೆಗೆದುಕೊಳ್ಳೋಣ" ಎಂಬುದು ಹೆಚ್ಚಿನವರ ಉತ್ತರ. ಈ ಉತ್ತರದಿಂದ ಹಣವೂ ಕಟ್ಟಿಗೆಯೂ ಹಾಳಾಗುತ್ತವೆ; ಕೆಲವೊಮ್ಮೆ ಆರೋಗ್ಯವೂ ಕೆಡುತ್ತದೆ. ಒಂದು ಸಲಕ್ಕೆ ಸರಿಯಾಗಿ ಬೇಯಿಸಬಲ್ಲಷ್ಟು, ಬೇಯಿಸಿದ್ದನ್ನು ಕೆಡದಂತೆ ಇಡಬಲ್ಲಷ್ಟು, ಇಟ್ಟದ್ದನ್ನು ಮೂರು ನಾಲ್ಕು ದಿನಗಳಲ್ಲಿ ತಿಂದು ಮುಗಿಸಬಲ್ಲಷ್ಟು – ಇದೇ ಪೆಟ್ಟಿಗೆಯ ಅಳತೆ.

ಅಟ್ಟದ ಮಾಂಸ ಬೇರೆ, ಪೆಟ್ಟಿಗೆಯ ಮಾಂಸ ಬೇರೆ

ಮೊದಲು ಈ ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು. ಅಟ್ಟದಲ್ಲಿ ಮಾಂಸವು ಧಾರಾಳ ಉಪ್ಪಿನೊಂದಿಗೆ, ತೆಳು ಪಟ್ಟಿಗಳಾಗಿ, ಪ್ರತಿದಿನ ಮೂರು ಹೊತ್ತು ಉರಿಯುವ ಒಲೆಯ ಮೇಲೆ ಹಲವು ದಿನ ಇರುತ್ತಿತ್ತು. ನೀರಿನ ಅಂಶ ಹೋಗಿ ಅದು ಕಟ್ಟಿಗೆಯಂತೆ ಗಟ್ಟಿಯಾಗುತ್ತಿತ್ತು. ಕೆಡದಂತೆ ಉಳಿಸುತ್ತಿದ್ದುದು ಮುಖ್ಯವಾಗಿ ಉಪ್ಪು ಮತ್ತು ಒಣಗುವಿಕೆ. ಹೊಗೆಯ ಪಾಲು ಅದರಲ್ಲಿ ಸ್ವಲ್ಪ ಮಾತ್ರ.

ಹೊಗೆಪೆಟ್ಟಿಗೆಯಲ್ಲಿ ಎರಡು ಮೂರು ಗಂಟೆಗಳಲ್ಲಿ ಮಾಂಸವು ಬೇಯುತ್ತದೆ, ಹೊಗೆಯ ಬಣ್ಣ ಮತ್ತು ಪರಿಮಳವನ್ನು ಹಿಡಿಯುತ್ತದೆ. ಆದರೆ ಒಳಗೆ ನೀರು ಹಾಗೆಯೇ ಉಳಿದಿರುತ್ತದೆ. ಆದುದರಿಂದ ಇದು ಒಣ ಮಾಂಸವಲ್ಲ, ಬೇಯಿಸಿದ ಪದಾರ್ಥ. ಪದಾರ್ಥವನ್ನು ಹೇಗೆ ಜಾಗ್ರತೆಯಿಂದ ಇಡುತ್ತೇವೋ ಹಾಗೆಯೇ ಇದನ್ನೂ ಇಡಬೇಕು. ಫ್ರಿಜ್ಜಿನಲ್ಲಿ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮೂರು ನಾಲ್ಕು ದಿನ. ಅದಕ್ಕಿಂತ ಹೆಚ್ಚು ದಿನಕ್ಕಾದರೆ ಫ್ರೀಜರಿನಲ್ಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ಬಾಗಿಲು ಮುಚ್ಚಿದ ಫ್ರಿಜ್ಜು ಸುಮಾರು ನಾಲ್ಕು ಗಂಟೆ ಮಾತ್ರ ತಂಪು ಉಳಿಸಿಕೊಳ್ಳುತ್ತದೆ. ಹೀಗಿರುವಾಗ ಇಪ್ಪತ್ತು ಕಿಲೋ ಮಾಂಸವನ್ನು ಒಮ್ಮೆಗೇ ಹೊಗೆಗೆ ಹಾಕಿ ಎಲ್ಲಿ ಇಡುವುದು?

'ಹೊಗೆ ಹಾಕಿದ್ದು ಕೆಡುವುದಿಲ್ಲ' ಎಂದು ನಂಬಿ ಪ್ಲಾಸ್ಟಿಕ್ ಲಕೋಟೆಯಲ್ಲಿ ಗಾಳಿಯಾಡದಂತೆ ಕಟ್ಟಿ ಕಪಾಟಿನಲ್ಲಿ ಇಡುವುದು ಎಲ್ಲಕ್ಕಿಂತ ಅಪಾಯಕರ. ಗಾಳಿಯಿಲ್ಲದಲ್ಲಿ ಬೆಳೆಯುವ ಒಂದು ಸೂಕ್ಷ್ಮಾಣು ಇದೆ. ಅದರ ವಿಷವು ನರಗಳನ್ನು ಸ್ತಬ್ಧಗೊಳಿಸಿ ಉಸಿರನ್ನೇ ನಿಲ್ಲಿಸಬಹುದು. ಈ ಕಾಯಿಲೆಗೆ ಬೊಟುಲಿಸಂ ಎಂದು ಹೆಸರು. 'ಬೊಟುಲುಸ್' ಎಂದರೆ ಲ್ಯಾಟಿನ್ ಭಾಷೆಯಲ್ಲಿ ಸಾಸೇಜ್. ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ವೈದ್ಯ ಯುಸ್ಟಿನುಸ್ ಕೆರ್ನರ್ ಎಂಬವರು, ಹೊಗೆ ಹಾಕಿದ ಸಾಸೇಜ್ ತಿಂದು ಸತ್ತವರ ಬಗ್ಗೆ 1820 ಮತ್ತು 1822ರಲ್ಲಿ ವಿವರವಾಗಿ ಬರೆದರು. ಕಾಯಿಲೆಗೆ ಆ ಹೆಸರು ಬಂದುದು ಹೀಗೆ. ಹೊಗೆಯೊಂದೇ ಮಾಂಸವನ್ನು ಕಾಯುವುದಿಲ್ಲ ಎಂಬುದು ಇನ್ನೂರು ವರ್ಷಗಳಿಂದ ತಿಳಿದಿರುವ ಪಾಠ.

ಮನೆಯ ಲೆಕ್ಕ ಹಾಕುವ ಕ್ರಮ

ಒಂದು ಕಾಗದ, ಪೆನ್ಸಿಲು ತೆಗೆದುಕೊಳ್ಳಿ.

1. ಒಂದು ಊಟಕ್ಕೆ ತಲೆಗೆ 200 ಗ್ರಾಂ ಎಲುಬಿಲ್ಲದ ಹಸಿ ಮಾಂಸ ಎಂದು ಹಿಡಿಯಿರಿ. ಹೊಗೆಯಲ್ಲಿ ಬೆಂದಾಗ ಅದರ ಕಾಲು ಭಾಗದಷ್ಟು, ಕೆಲವೊಮ್ಮೆ ಮೂರರಲ್ಲಿ ಒಂದು ಭಾಗದಷ್ಟು ತೂಕ ಇಳಿಯುತ್ತದೆ. ಬಟ್ಟಲಿಗೆ ಬರುವುದು ಸುಮಾರು 150 ಗ್ರಾಂ. ಅಷ್ಟು ಸಾಕು.

2. ಐದು ಜನರ ಮನೆಗೆ ಒಂದು ಊಟಕ್ಕೆ ಒಂದು ಕಿಲೋ ಆಯಿತು. ಭಾನುವಾರ ಒಂದು ಊಟ, ವಾರದ ನಡುವೆ ಇನ್ನೊಂದು, ಬಂದ ನೆಂಟರಿಗೆ ಸ್ವಲ್ಪ – ಒಟ್ಟು ಮೂರು ಕಿಲೋ.

3. ಒಂದೂವರೆ ಇಂಚು ದಪ್ಪದ ತುಂಡುಗಳನ್ನು ಸುತ್ತಲೂ ಎರಡು ಬೆರಳು ಜಾಗ ಬಿಟ್ಟು ಜೋಡಿಸಿದರೆ ಒಂದು ಚದರಡಿ ಜಾಳಿಗೆಯಲ್ಲಿ ಸುಮಾರು ಎರಡು ಕಿಲೋ ಹಿಡಿಯುತ್ತದೆ. ಮೂರು ಕಿಲೋಗೆ ಒಂದೂವರೆ ಚದರಡಿ ಬೇಕು.

ಅಂದರೆ 15 ಇಂಚು ಉದ್ದ, 15 ಇಂಚು ಅಗಲದ ಒಂದೇ ಜಾಳಿಗೆ ಐದು ಜನರ ಮನೆಗೆ ಸಾಕಾಗುತ್ತದೆ. ಅಂಗಡಿಯಲ್ಲಿ ಕಾಣುವ ದೊಡ್ಡ ಪೆಟ್ಟಿಗೆಗಳ ಎದುರು ಇದು ಎಷ್ಟು ಚಿಕ್ಕದು, ನೋಡಿ.

ಉರುಟು ಪೆಟ್ಟಿಗೆಗಳ ವಿಷಯದಲ್ಲಿ ಇನ್ನೊಂದು ಮಾತು. ಅವು ಸಾಮಾನ್ಯವಾಗಿ 14, 18, 22 ಇಂಚು ಎಂದು ಬರುತ್ತವೆ. ಕೇಳುವಾಗ ನಾಲ್ಕು ನಾಲ್ಕು ಇಂಚಿನ ವ್ಯತ್ಯಾಸ ಮಾತ್ರ ಎಂದು ತೋರುತ್ತದೆ. ಆದರೆ 14 ಇಂಚಿನ ಜಾಳಿಗೆಯ ವಿಸ್ತೀರ್ಣ ಒಂದು ಚದರಡಿಗಿಂತ ಸ್ವಲ್ಪ ಹೆಚ್ಚು, 18 ಇಂಚಿನದ್ದು ಒಂದೂಮುಕ್ಕಾಲು ಚದರಡಿ, 22 ಇಂಚಿನದ್ದು ಎರಡೂವರೆ ಚದರಡಿಗಿಂತ ಹೆಚ್ಚು. 14ರಿಂದ 22ಕ್ಕೆ ಹೋದಾಗ ಜಾಗ ಎರಡೂವರೆ ಪಾಲು ಆಗುತ್ತದೆ. ಬೇಕಾಗುವ ಬೆಂಕಿಯೂ ಹಾಗೆಯೇ ಏರುತ್ತದೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ 14 ಇಂಚು, ನಾಲ್ಕೈದು ಜನರಿಗೆ 18 ಇಂಚು, ಎಂಟು ಹತ್ತು ಜನರ ಕೂಡು ಕುಟುಂಬಕ್ಕೆ 22 ಇಂಚು ಸಾಕು.

ಕೊಳ್ಳುವ ಮೊದಲು ರಟ್ಟನ್ನು ಜಾಳಿಗೆಯ ಅಳತೆಗೆ ಕತ್ತರಿಸಿ ಮೇಜಿನ ಮೇಲಿಡಿ. ಮಾಂಸದ ತುಂಡಿನಷ್ಟೇ ದೊಡ್ಡ ರಟ್ಟಿನ ಚೂರುಗಳನ್ನು ಅದರ ಮೇಲೆ ಜಾಗ ಬಿಟ್ಟು ಜೋಡಿಸಿ ನೋಡಿ. ಮಾರುವವರು ಹೇಳುವ 'ಇಷ್ಟು ಕಿಲೋ ಹಿಡಿಯುತ್ತದೆ' ಎಂಬ ಮಾತಿಗಿಂತ ಈ ಪರೀಕ್ಷೆ ಹೆಚ್ಚು ನಂಬಿಕೆಯದ್ದು.

ಹೆಚ್ಚಾದರೆ ಏನು, ಕಡಿಮೆಯಾದರೆ ಏನು?

ಹಸಿ ಮಾಂಸವು 5ರಿಂದ 60 ಡಿಗ್ರಿಯ ನಡುವೆ ಇರುವಷ್ಟು ಹೊತ್ತೂ ರೋಗಾಣುಗಳಿಗೆ ಹಬ್ಬ. ಅನುಕೂಲವಾದ ಬಿಸಿಯಲ್ಲಿ ಕೆಲವು ರೋಗಾಣುಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಪಾಲಾಗುತ್ತವೆ. ಆದುದರಿಂದ ಈ ಹಂತವನ್ನು ಮಾಂಸವು ಬೇಗನೆ ದಾಟಬೇಕು. ಪೆಟ್ಟಿಗೆಯ ಒಳಗಿನ ಗಾಳಿ 110ರಿಂದ 120 ಡಿಗ್ರಿ ಇದ್ದರೆ ಇದು ಸಾಧ್ಯ.

ಚಿಕ್ಕ ಪೆಟ್ಟಿಗೆಯಲ್ಲಿ ಮಾಂಸವನ್ನು ತುರುಕಿದರೆ ತುಂಡುಗಳ ನಡುವೆ ಗಾಳಿಯಾಡುವುದಿಲ್ಲ. ಹೊರಗಡೆ ಕಪ್ಪಾಗುತ್ತದೆ, ಒಳಗಡೆ ಹಸಿಯೇ ಉಳಿಯುತ್ತದೆ. ದೊಡ್ಡ ಪೆಟ್ಟಿಗೆಯಲ್ಲಿ ಚಿಕ್ಕ ಬೆಂಕಿ ಹಾಕಿದರೂ ಪರಿಣಾಮ ಅದೇ. ಬಿಸಿ ಏರುವುದಿಲ್ಲ, ಮಾಂಸವು ಗಂಟೆಗಟ್ಟಲೆ ಉಗುರು ಬೆಚ್ಚಗೆ ಕುಳಿತಿರುತ್ತದೆ. ಸಾಕಷ್ಟು ದೊಡ್ಡ ಬೆಂಕಿ ಹಾಕಿದರೆ ಎರಡು ಕಿಲೋ ಮಾಂಸಕ್ಕೆ ಹತ್ತು ಕಿಲೋ ಮಾಂಸದ ಕಟ್ಟಿಗೆ ಉರಿಯುತ್ತದೆ.

ಬಣ್ಣ ನೋಡಿ ಬೆಂದಿದೆ ಎಂದು ತೀರ್ಮಾನಿಸಬಾರದು. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಒಂದನ್ನು ಪೆಟ್ಟಿಗೆಯೊಂದಿಗೇ ಕೊಳ್ಳಿರಿ. ಅತಿ ದಪ್ಪದ ತುಂಡಿನ ನಡುಭಾಗದಲ್ಲಿ ಹಂದಿ ಮಾಂಸವು 63 ಡಿಗ್ರಿ ತಲಪಿ, ತೆಗೆದ ಮೇಲೆ ಮೂರು ನಿಮಿಷ ಹಾಗೆಯೇ ಇರಬೇಕು ಎಂಬುದು ನಿಯಮ. ಮನೆಯಲ್ಲಿ ಬಿಟ್ಟು ಸಾಕಿದ ಹಂದಿಯಾದರೆ 71 ಡಿಗ್ರಿಯವರೆಗೆ ಹೋಗುವುದು ಲೇಸು. ಕೋಳಿಗೆ 74 ಡಿಗ್ರಿ ಬೇಕು. ಅರೆಬೆಂದ ಹಂದಿ ಮಾಂಸದಿಂದ ಲಾಡಿಹುಳು ಹೊಟ್ಟೆ ಸೇರುತ್ತದೆ. ಆ ಹುಳುವಿನ ಮೊಟ್ಟೆಗಳು ಕೈ, ನೀರು, ತರಕಾರಿಯ ಮೂಲಕ ಬಾಯಿಗೆ ಬಂದರೆ ಮೆದುಳಿನಲ್ಲಿ ಗುಳ್ಳೆಗಳಾಗಿ ಅಪಸ್ಮಾರ ಬರಬಹುದು. ಮನೆಯ ಒಬ್ಬರ ಹೊಟ್ಟೆಯ ಹುಳು ಮನೆಯ ಮಗುವಿಗೆ ಅಪಾಯ ತರಬಹುದು ಎಂಬುದನ್ನು ಮರೆಯಬಾರದು.

ಅಗಲದಷ್ಟೇ ಎತ್ತರವೂ ಮುಖ್ಯ

ಕೊಬ್ಬು ಬೆಂಕಿಗೆ ತೊಟ್ಟಿಕ್ಕಿದಾಗ ಏಳುವ ಹೊಗೆಯಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳು ಇರುತ್ತವೆ. ಆದುದರಿಂದ ಬೆಂಕಿಗೂ ಜಾಳಿಗೆಗೂ ನಡುವೆ ಎರಡಡಿ ಅಂತರವಿರಲಿ; ನಡುವೆ ನೀರು ತುಂಬಿದ ಒಂದು ಅಗಲ ಪಾತ್ರೆ ಇರಲಿ. ಕೊಬ್ಬು ಆ ಪಾತ್ರೆಗೆ ಬೀಳುತ್ತದೆ, ಬಿಸಿಯೂ ಒಂದೇ ಸಮನಾಗಿ ಇರುತ್ತದೆ.

200 ಲೀಟರಿನ ಕಬ್ಬಿಣದ ಡ್ರಮ್ಮು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅದರ ಎತ್ತರ ಮೂರಡಿಗೆ ಸ್ವಲ್ಪ ಕಡಿಮೆ, ಒಳಗಿನ ಅಗಲ 22 ಇಂಚಿಗೆ ಸ್ವಲ್ಪ ಹೆಚ್ಚು. ಮೇಲಿನ ಅಂಚಿನಿಂದ ಏಳು ಇಂಚು ಕೆಳಗೆ ಜಾಳಿಗೆ ಇಟ್ಟರೆ ಬೇಕಾದ ಅಂತರ ಸಿಗುತ್ತದೆ. ಒಂದು ಜಾಳಿಗೆಗೆ ಐದು ಕಿಲೋ. ಹಬ್ಬಕ್ಕೆ ಇಪ್ಪತ್ತು ಕಿಲೋ ಬೇಕಾದರೆ ನಾಲ್ಕು ಸಲ ಹಾಕಿರಿ, ಅಥವಾ ಎರಡು ಮನೆಯವರು ಸೇರಿ ಎರಡು ಡ್ರಮ್ಮುಗಳಲ್ಲಿ ಎರಡೆರಡು ಸಲ ಹಾಕಿರಿ. ಸರದಿ ಕಾಯುವ ಮಾಂಸವು ಫ್ರಿಜ್ಜಿನಲ್ಲಿ ಇರಲಿ. ವರ್ಷಕ್ಕೊಮ್ಮೆ ಬರುವ ಹಬ್ಬಕ್ಕಾಗಿ ವರ್ಷವಿಡೀ ದೊಡ್ಡ ಪೆಟ್ಟಿಗೆಗೆ ಕಟ್ಟಿಗೆ ಸುರಿಯಬೇಕಾಗಿಲ್ಲ.

ಡ್ರಮ್ಮು ಮೊದಲು ಏನನ್ನು ತುಂಬಿತ್ತು ಎಂದು ವಿಚಾರಿಸಿಯೇ ತನ್ನಿರಿ. ಕೀಟನಾಶಕ, ಡಾಂಬರು, ಬಣ್ಣ, ರಾಸಾಯನಿಕ ಇದ್ದ ಡ್ರಮ್ಮು ಎಷ್ಟು ತೊಳೆದರೂ ಸುಟ್ಟರೂ ಬೇಡ. ಎಂಡೋಸಲ್ಫಾನಿನ ಕಷ್ಟ ಕಂಡ ನಮ್ಮ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡುಗೆ ಎಣ್ಣೆಯಂತಹ ಆಹಾರ ವಸ್ತು ಇದ್ದ ಡ್ರಮ್ಮನ್ನು ತಂದು, ಒಳಗಿನ ಬಣ್ಣವನ್ನು ಖಾಲಿ ಬೆಂಕಿಯಲ್ಲಿ ಪೂರ್ತಿ ಸುಟ್ಟು ಉಜ್ಜಿ ತೆಗೆಯಬೇಕು. ಬೆಂಕಿ ತಾಗುವಲ್ಲಿ ಸತುವಿನ ಲೇಪವಿರುವ ತಗಡನ್ನಾಗಲಿ, ಮಾಂಸ ಇಡಲು ಅಂತಹ ಜಾಲರಿಯನ್ನಾಗಲಿ ಉಪಯೋಗಿಸಬೇಡಿ. ಜಾಳಿಗೆಗೆ ಸ್ಟೀಲ್ ಒಳ್ಳೆಯದು.

ಕಟ್ಟಿಗೆ ಮತ್ತು ಜಾಗ

ಕೆಂಡಕ್ಕೆ ತೆಂಗಿನ ಗೆರಟೆಯ ಮಸಿ ಉತ್ತಮ. ಹೊಗೆಗೆ ಚೆನ್ನಾಗಿ ಒಣಗಿದ ಹಲಸು, ಮಾವು, ಪೇರಳೆಯ ತುಂಡುಗಳು ಸಾಕು. ಗೇರುಬೀಜದ ಸಿಪ್ಪೆ ಬೇಡವೇ ಬೇಡ. ಅದರ ಎಣ್ಣೆ ಮೈ ಸುಡುವಂಥದು, ಹೊಗೆಯೂ ಹಾಗೆಯೇ. ಚೇರೆ ಮರ, ಕಾಸರಕನ ಮರ, ಬಣ್ಣ ಬಳಿದ ಹಳೆ ಕಿಟಕಿ ಬಾಗಿಲು, ಪ್ಲೈವುಡ್ – ಇವನ್ನೂ ದೂರವಿಡಿ. ಹೊಗೆ ತೆಳ್ಳಗೆ ನೀಲಿಯಾಗಿದ್ದರೆ ಬೆಂಕಿ ಸರಿಯಾಗಿದೆ. ದಟ್ಟ ಬಿಳಿ ಹೊಗೆ ಮಾಂಸಕ್ಕೆ ಕಹಿ ತರುತ್ತದೆ.

ಪೆಟ್ಟಿಗೆಯ ಅಳತೆ ಮನೆಯ ಅಂಗಳಕ್ಕೂ ಹೊಂದಬೇಕು. ಗೋಡೆಯಿಂದ, ಮಡಲಿನ ಮಾಡಿನಿಂದ, ಹುಲ್ಲುಮೆದೆಯಿಂದ ಹತ್ತು ಅಡಿಯಾದರೂ ದೂರದಲ್ಲಿ, ಬಯಲಿನಲ್ಲಿ ಇಡಬೇಕು. ಮಳೆ ಬಂತೆಂದು ಅಡುಗೆಮನೆಗೋ ಬಚ್ಚಲಿಗೋ ತರಬಾರದು. ಕೆಂಡದಿಂದ ಬರುವ ವಾಸನೆಯಿಲ್ಲದ ವಿಷಗಾಳಿ ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯುತ್ತದೆ. ಒಲೆಯ ಹೊಗೆಯಿಂದ ನಮ್ಮ ತಾಯಂದಿರಿಗೆ ಸಿಕ್ಕಿದ ಬಿಡುಗಡೆಯನ್ನು ಮತ್ತೆ ಕಳೆಯುವುದೂ ಸರಿಯಲ್ಲ.

ಎಷ್ಟು ತಿನ್ನಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಉಪ್ಪು ಹಾಕಿದ, ಹೊಗೆ ಹಾಕಿದ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ದಿನವೂ 50 ಗ್ರಾಂ ತಿನ್ನುವವರಿಗೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ 18 ಶೇಕಡಾದಷ್ಟು ಹೆಚ್ಚುತ್ತದೆ ಎಂದು ಅದು ಹೇಳಿದೆ. ಆದುದರಿಂದ ಇದು ಅಪರೂಪಕ್ಕೆ ತಿನ್ನುವ ವಸ್ತುವಾಗಿರಲಿ, ದಿನದ ಪದಾರ್ಥವಾಗುವುದು ಬೇಡ. ಮೇಲೆ ಹೇಳಿದ ಮೂರು ಕಿಲೋ ಲೆಕ್ಕವೂ ಹೊಗೆ ಹಾಕುವ ವಾರದ್ದು, ಪ್ರತಿ ವಾರದ್ದಲ್ಲ. ರಕ್ತದೊತ್ತಡ ಇರುವವರು ಉಪ್ಪಿನ ಬಗ್ಗೆ ಇನ್ನೂ ಜಾಗ್ರತೆ ವಹಿಸಬೇಕು. ಪೆಟ್ಲುಪ್ಪನ್ನು ಅಂದಾಜಿನಲ್ಲಿ ಹಾಕುವುದು ಸಲ್ಲದು. ಅಳತೆ ತಪ್ಪಿದರೆ ಅದು ವಿಷ. ಚಿಕ್ಕ ಪೆಟ್ಟಿಗೆಯ ದೊಡ್ಡ ಗುಣವೆಂದರೆ, ಅದು ನಮ್ಮ ಕೈಯನ್ನು ಮಿತಿಯಲ್ಲಿಡುತ್ತದೆ.

ನೆನಪಿಡಿ

● ತಲೆಗೆ 200 ಗ್ರಾಂ, ಎರಡು ಕಿಲೋಗೆ ಒಂದು ಚದರಡಿ.
● ತುಂಡುಗಳ ನಡುವೆ ಎರಡು ಬೆರಳು, ಬೆಂಕಿಗೂ ಜಾಳಿಗೆಗೂ ಎರಡಡಿ.
● ಪೆಟ್ಟಿಗೆಯ ಗಾಳಿ 110ರಿಂದ 120 ಡಿಗ್ರಿ, ಹಂದಿ ಮಾಂಸದ ನಡುಭಾಗ ಕನಿಷ್ಠ 63, ಬಿಟ್ಟು ಸಾಕಿದ್ದಾದರೆ 71, ಕೋಳಿ 74.
● ಫ್ರಿಜ್ಜಿನಲ್ಲಿ ಹಿಡಿಯುವಷ್ಟೇ ಮಾಂಸ, ನಾಲ್ಕು ದಿನದೊಳಗೆ ಮುಗಿಯುವಷ್ಟೇ ಮಾಂಸ.
● ಹೊಸ ಪೆಟ್ಟಿಗೆಯನ್ನು ಮಾಂಸ ಹಾಕುವ ಮೊದಲು ಒಂದು ದಿನ ಖಾಲಿ ಉರಿಸಿ. ಮೂರು ಗಂಟೆ ಒಂದೇ ಸಮನಾದ ಬಿಸಿ ಉಳಿಸಿಕೊಳ್ಳಲು ಎಷ್ಟು ಕಟ್ಟಿಗೆ ಬೇಕಾಯಿತು ಎಂದು ಬರೆದಿಡಿ. ಮುಂದೆ ಪ್ರತಿ ಸಲವೂ ಆ ಲೆಕ್ಕ ನಿಮ್ಮ ಉಪಯೋಗಕ್ಕೆ ಬರುತ್ತದೆ.