ಸಾಲು ಕಣ್ಣಿಗೆ ಕಾಣುವಂತೆ ಲೆಕ್ಕ ಮಾಡು

ಮಗೂ, ಸಿವಿಲ್ ಇಂಜಿನಿಯರಿಂಗ್ ಸೇರಿದ್ದೀಯ. ಇನ್ನು ನಾಲ್ಕು ವರ್ಷ ಲೆಕ್ಕ ನಿನ್ನ ಬೆನ್ನು ಬಿಡುವುದಿಲ್ಲ. ಕಂಪ್ಯೂಟರಿಗೆ ದೊಡ್ಡ ದೊಡ್ಡ ಸಾಫ್ಟ್‌ವೇರ್ ಹಾಕಿಸಿಕೊಳ್ಳುವ ಮುಂಚೆ ಒಂದು ಪುಟ್ಟ ಕ್ಯಾಲ್ಕುಲೇಟರ್ ಹಾಕಿಕೊಂಡು ಅದನ್ನು ಕೈಗೆ ಒಗ್ಗಿಸಿಕೋ. ನಾನು ಹೇಳುತ್ತಿರುವುದು ಸ್ಪೀಡ್‌ಕ್ರಂಚ್ ಬಗ್ಗೆ. ಆರಿಯಾ ಹಿದಾಯತ್, ಹೆಲ್ಡರ್ ಕೊರೆಯಾ ಮೊದಲಾದವರು ಕಟ್ಟಿದ ಮುಕ್ತ ತಂತ್ರಾಂಶ ಅದು. ದುಡ್ಡು ಕೊಡಬೇಕಿಲ್ಲ, ಲೆಕ್ಕ ಮಾಡಲು ಇಂಟರ್ನೆಟ್ ಬೇಕಿಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ, ಹಳೆಯ ಕಂಪ್ಯೂಟರಿಗೂ ಭಾರವಾಗುವುದಿಲ್ಲ.

ಅದನ್ನು ತೆರೆದರೆ ಗುಂಡಿಗಳ ಸಾಲಿಗಿಂತ ಮೊದಲು ಕಾಣುವುದು ಬರೆಯುವ ಜಾಗ. ನೋಟ್‌ಬುಕ್ಕಿನಲ್ಲಿ ಬರೆದಂತೆ ಇಡೀ ಲೆಕ್ಕವನ್ನು ಒಂದೇ ಸಾಲಿನಲ್ಲಿ ಟೈಪ್ ಮಾಡುತ್ತೀಯ. ಟೈಪ್ ಮಾಡುತ್ತಿರುವಾಗಲೇ ಉತ್ತರ ಮಿನುಗುತ್ತದೆ. ಎಂಟರ್ ಒತ್ತಿದರೆ ಸಾಲೂ ಉತ್ತರವೂ ಎರಡೂ ಮೇಲೆ ಉಳಿಯುತ್ತವೆ. ಮೇಲ್ಮುಖ ಬಾಣದ ಕೀಲಿ ಒತ್ತಿದರೆ ಹಿಂದಿನ ಸಾಲು ಮರಳಿ ಬರುತ್ತದೆ, ಬೇಕಾದ ಒಂದು ಅಂಕಿಯನ್ನಷ್ಟೇ ತಿದ್ದಬಹುದು. ನನ್ನ ಮಟ್ಟಿಗೆ ಇದರ ದೊಡ್ಡ ಗುಣವೇ ಇದು.

ಇದಕ್ಕೆ ಇಷ್ಟು ಬೆಲೆ ಏಕೆ ಕೊಡುತ್ತೇನೆಂದು ಹೇಳುತ್ತೇನೆ ಕೇಳು. ಹಿಂದೆ ಕ್ಲಾರ್ಕ್ಸ್ ಟೇಬಲ್ ಎಂಬ ಲಾಗರಿದಮ್ ಕೋಷ್ಟಕಗಳ ಪುಸ್ತಕ ಹಿಡಿದು ಲೆಕ್ಕ ಮಾಡುವವರು ಪ್ರತಿ ಹಂತವನ್ನೂ ಹಾಳೆಯ ಮೇಲೆ ಬರೆಯಲೇಬೇಕಿತ್ತು. ಸ್ಲೈಡ್ ರೂಲ್ ಮೂರು ಅಂಕಿ ಕೊಡುತ್ತಿತ್ತು, ದಶಾಂಶ ಬಿಂದು ಎಲ್ಲಿ ಬೀಳಬೇಕೆಂದು ಬಳಸುವವರೇ ತಲೆಯಲ್ಲಿ ಅಂದಾಜು ಮಾಡಿಕೊಳ್ಳಬೇಕಿತ್ತು. 1972ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ಜೇಬಿನಲ್ಲಿಡುವ ಸೈಂಟಿಫಿಕ್ ಕ್ಯಾಲ್ಕುಲೇಟರ್ ಎಚ್‌ಪಿ-35 ತಂದಿತು, ಕೆಲವೇ ವರ್ಷಗಳಲ್ಲಿ ಸ್ಲೈಡ್ ರೂಲ್ ಮೂಲೆ ಸೇರಿತು. ವೇಗ ಸಿಕ್ಕಿತು. ಆದರೆ ಒತ್ತಿದ್ದೇನು ಎನ್ನುವುದು ಅಳಿಸಿಹೋಗಿ ಉತ್ತರ ಮಾತ್ರ ಉಳಿಯಿತು. ತಪ್ಪು ಎಲ್ಲಿ ನುಸುಳಿತೆಂದು ಹುಡುಕಲು ಜಾಡೇ ಇಲ್ಲವಾಯಿತು. ಸಾಲನ್ನು ಉಳಿಸಿಕೊಡುವ ಇಂಥ ಪ್ರೋಗ್ರಾಂ ಆ ಜಾಡನ್ನು ನಿನಗೆ ವಾಪಸು ಕೊಡುತ್ತದೆ.

ಸರ್ವೆ ಲ್ಯಾಬಿನ ಲೆಕ್ಕವನ್ನೇ ತೆಗೆದುಕೋ. ಸಮತಟ್ಟು ನೆಲ, ನೀರಿನ ಓವರ್‌ಹೆಡ್ ಟ್ಯಾಂಕಿನಿಂದ 40 ಮೀಟರ್ ದೂರದಲ್ಲಿ ಥಿಯೊಡಲೈಟ್ ನಿಲ್ಲಿಸಿದ್ದೀಯ. ಉಪಕರಣದ ಎತ್ತರ 1.5 ಮೀಟರ್, ತುದಿಗೆ ಹಿಡಿದ ಕೋನ 32 ಡಿಗ್ರಿ. 40*ಟ್ಯಾನ್(32)+1.5 ಎಂದು ಬರೆದರೆ 26.49 ಮೀಟರಿನ ಮೇಲೆ ಸ್ವಲ್ಪ, ಅಂದರೆ ಇಪ್ಪತ್ತಾರೂವರೆ ಬರಬೇಕು. ಕ್ಯಾಲ್ಕುಲೇಟರ್ ರೇಡಿಯನ್ನಿನಲ್ಲಿ ಇದ್ದರೆ ಅದೇ ಸಾಲು 27.94 ಕೊಡುತ್ತದೆ! ಎರಡೂ ಟ್ಯಾಂಕಿಗೆ ಒಪ್ಪುವ ಎತ್ತರಗಳೇ. ಸುಮಾರು ಒಂದೂವರೆ ಮೀಟರ್ ತಪ್ಪಿದೆ ಎಂದು ಯಾರಿಗೂ ಅನುಮಾನ ಬರುವುದಿಲ್ಲ. ಹುಚ್ಚುಚ್ಚಾಗಿ ತಪ್ಪುವ ಉತ್ತರ ತಾನೇ ಸಿಕ್ಕಿಬೀಳುತ್ತದೆ. ನಾನು ಹೆದರುವುದು ಸರಿಯಂತೆ ಕಾಣುವ ತಪ್ಪಿಗೆ.

ಆದ್ದರಿಂದ ಕೆಲಸಕ್ಕೆ ಕೂರುವ ಮೊದಲು ಸೈನ್(30) ಎಂದು ಟೈಪ್ ಮಾಡು. 0.5 ಬಂದರೆ ಡಿಗ್ರಿಯಲ್ಲಿದೆ, ಮುಂದುವರಿ. ಮೈನಸ್ 0.988 ಬಂದರೆ ರೇಡಿಯನ್ನಿನಲ್ಲಿದೆ, ಸೆಟ್ಟಿಂಗ್ಸಿಗೆ ಹೋಗಿ ಬದಲಿಸು. ಆಮೇಲೆ ಎಂಟರ್ ಒತ್ತುವ ಮುಂಚೆ ಮನಸ್ಸಿನಲ್ಲೇ ಒಂದು ಅಂದಾಜು ಮಾಡಿಕೋ. ಟ್ಯಾಂಕಿನ ಲೆಕ್ಕದಲ್ಲಾದರೆ, 30 ಡಿಗ್ರಿಗೆ 40ನ್ನು 1.73ರಿಂದ ಭಾಗಿಸಿದರೆ 23 ಚಿಲ್ಲರೆ, ಅಲ್ಲಿಂದ ಡಿಗ್ರಿಗೊಂದು ಮೀಟರಿನಂತೆ ಏರುತ್ತದೆ. ಹಾಗಾಗಿ 25ರ ಆಸುಪಾಸು, ಜೊತೆಗೆ ಒಂದೂವರೆ. ಈ ಅಭ್ಯಾಸ ಬಿಡಬೇಡ.

ಇನ್ನೊಂದು ಮಾತು. ಸ್ಪೀಡ್‌ಕ್ರಂಚ್ 50 ಅಂಕಿಗಳವರೆಗೂ ಉತ್ತರ ಕೊಡಬಲ್ಲದು. ಕೊಡುತ್ತದೆಂದು ಅಷ್ಟನ್ನೂ ರೆಕಾರ್ಡಿಗೆ ಇಳಿಸಬೇಡ. ನಮ್ಮ ಈ ಲೆಕ್ಕದಲ್ಲಿ ಕೋನ ಒಂದೇ ಒಂದು ಮಿನಿಟು ಆಚೀಚೆಯಾದರೂ ಎತ್ತರ ಒಂದೂವರೆ ಸೆಂಟಿಮೀಟರಿಗೂ ಮಿಕ್ಕಿ ಬದಲಾಗುತ್ತದೆ. ಅರ್ಧ ಡಿಗ್ರಿ ತಪ್ಪಿದರಂತೂ ಹೆಚ್ಚುಕಡಿಮೆ ಅರ್ಧ ಮೀಟರೇ ಹೋಯಿತು. ಅಳತೆ ಎಷ್ಟು ನಿಖರವೋ ಉತ್ತರವೂ ಅಷ್ಟೇ.

ಬೇರೆ ಬೇರೆ ಕಡೆ ಒಂದೇ ಗುರುತಿಗೆ ಬೇರೆ ಬೇರೆ ಅರ್ಥ ಇರುತ್ತದೆ, ಅದನ್ನೂ ನೋಡಿಕೋ. ಕೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರಿನಲ್ಲಿ ಲಾಗ್ 100 ಎಂದರೆ 2. ಪೈಥಾನಿನಲ್ಲಿ ಅದೇ ಲಾಗ್ ಸ್ವಾಭಾವಿಕ ಲಾಗರಿದಮ್, ಬರುವುದು 4.605. ಸ್ಪೀಡ್‌ಕ್ರಂಚ್‌ನಲ್ಲಿ ಹತ್ತರ ಆಧಾರಕ್ಕೆ ಎಲ್‌ಜಿ, ಸ್ವಾಭಾವಿಕಕ್ಕೆ ಎಲ್‌ಎನ್. ಮೈನಸ್ 2ರ ವರ್ಗವನ್ನು ಆವರಣ ಹಾಕದೆ ಬರೆದರೆ ಗಣಿತದ ರೂಢಿಯಂತೆ ಮೈನಸ್ 4, ಎಕ್ಸೆಲ್ ಮಾತ್ರ 4 ಎನ್ನುತ್ತದೆ. ಸಂಶಯ ಬಂದಲ್ಲೆಲ್ಲ ಆವರಣ ಹಾಕು, ನಷ್ಟವೇನಿಲ್ಲ.

ಮುಂದೆ ಗೇಟ್ ಪರೀಕ್ಷೆಗೆ ಕೂತರೆ ನಿನ್ನ ಸ್ವಂತ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ, ಪರದೆಯ ಮೇಲೆ ಅವರು ಕೊಟ್ಟಿದ್ದನ್ನೇ ಬಳಸಬೇಕು. ಅದರ ರೀತಿಯೇ ಬೇರೆ, ಅದಕ್ಕೆ ಪ್ರತ್ಯೇಕ ಅಭ್ಯಾಸ ಬೇಕು. ಆದರೆ ಕೋನದ ಮಾನ ನೋಡಿಕೊಳ್ಳುವುದು, ಮೊದಲು ಅಂದಾಜು ಮಾಡುವುದು ಅಲ್ಲೂ ಹೀಗೆಯೇ.

ಸರ್ವೆ ರೆಕಾರ್ಡ್ ಬರೆಯುವಾಗ ಬರೀ 26.5 ಮೀಟರ್ ಎಂದು ಬರೆದು ಬಿಡಬೇಡ. ಲೆಕ್ಕದ ಸಾಲನ್ನೂ ಪಕ್ಕದಲ್ಲಿ ಬರೆ, ಕೋನ ಡಿಗ್ರಿಯಲ್ಲಿದೆ ಎಂದೂ ಸೇರಿಸು. ಕಂಪ್ಯೂಟರಿನಲ್ಲಿ ಆ ದಿನದ ಸೆಷನ್ನನ್ನು ಉಳಿಸಿಡು. ತಿದ್ದುವ ಮೇಷ್ಟ್ರಿಗೂ, ನಾಳೆ ನಿನ್ನ ಕಡತ ಬಿಚ್ಚಿ ನೋಡುವ ಇನ್ನೊಬ್ಬ ಇಂಜಿನಿಯರಿಗೂ ಬೇಕಾಗುವುದು ಆ ಸಾಲು.