ಫ್ರಿಜ್‌ನಲ್ಲಿ ಐಸ್ ಕಟ್ಟುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮೊದಲು ಇಷ್ಟು ನೋಡಿ

ರಾತ್ರಿ ಇಟ್ಟ ಟ್ರೇಯನ್ನು ಬೆಳಿಗ್ಗೆ ಹೊರತೆಗೆದರೆ ಮೇಲೆ ಹಾಲಿನ ಕೆನೆಯಂಥ ತೆಳು ಪದರ. ಬೆರಳಿನಿಂದ ಒತ್ತಿದರೆ ಪಟ್ಟನೆ ಒಡೆದು ಕೆಳಗಿನ ನೀರು ಮೇಲಕ್ಕೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆಯ ಎಷ್ಟೋ ಮನೆಗಳ ಗೋಳು ಇದು. ರಿಪೇರಿಯವರಿಗೆ ಫೋನ್ ಮಾಡಿದರೆ ಕೆಲವೊಮ್ಮೆ ಫ್ರಿಜ್ ನೋಡುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ: ‘ಗ್ಯಾಸ್ ಖಾಲಿ ಆಗೇದ್ರಿ.’

ಈ ಮಾತನ್ನು ಒಪ್ಪಿಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಲಿ. ಅಡುಗೆ ಸಿಲಿಂಡರಿನ ಗ್ಯಾಸ್‌ನಂತೆ ಫ್ರಿಜ್‌ನ ಗ್ಯಾಸ್ ಬಳಸಿದಷ್ಟೂ ಖರ್ಚಾಗುವುದಿಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಐಸ್ ಕಟ್ಟದಿರಲು ಅದಕ್ಕಿಂತ ಸಣ್ಣ, ಖರ್ಚಿಲ್ಲದ ಕಾರಣಗಳು ಹಲವಿವೆ. ಅವನ್ನು ಒಂದೊಂದಾಗಿ ನೋಡೋಣ.

ಗುಂಡಿ ಮತ್ತು ಕಾಯುವ ಹೊತ್ತು

ಸಿಂಗಲ್ ಡೋರ್ ಫ್ರಿಜ್‌ನ ಗುಂಡಿಯ ಮೇಲಿನ 1ರಿಂದ 7ರವರೆಗಿನ ಅಂಕಿಗಳು ಡಿಗ್ರಿಗಳಲ್ಲ. ಅಂಕಿ ಹೆಚ್ಚಿದಷ್ಟೂ ತಂಪು ಹೆಚ್ಚು. ‘7 ಡಿಗ್ರಿ ಯಾಕೆ, 2 ಇರಲಿ’ ಎಂದು ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಇಡೀ ಬೇಸಿಗೆ ಪರದಾಡಿದವರನ್ನು ನಾನು ಬಲ್ಲೆ. ಫ್ರೀಜರ್ ಒಳಗೆ ಇರಬೇಕಾದದ್ದು ಮೈನಸ್ 18 ಡಿಗ್ರಿ ಸೆಲ್ಸಿಯಸ್. ಗುಂಡಿ ತಿರುಗಿಸಿದ ಮೇಲೆ ಒಂದು ಪೂರ್ತಿ ದಿನ ಬಿಟ್ಟು ಫಲ ನೋಡಿ.

ನೀರು ಐಸ್ ಆಗುವುದು ನಾವಂದುಕೊಂಡಷ್ಟು ಸಲೀಸಲ್ಲ. 80 ಡಿಗ್ರಿಯ ಬಿಸಿ ನೀರನ್ನು 0 ಡಿಗ್ರಿಗೆ ಇಳಿಸಲು ಎಷ್ಟು ಶಾಖ ತೆಗೆಯಬೇಕೋ, 0 ಡಿಗ್ರಿಯ ನೀರನ್ನು 0 ಡಿಗ್ರಿಯ ಐಸ್ ಮಾಡಲು ಹೆಚ್ಚುಕಡಿಮೆ ಅಷ್ಟೇ ಶಾಖ ತೆಗೆಯಬೇಕು. ಹಾಗಾಗಿ ನಾಲ್ಕು ಟ್ರೇಗಳನ್ನು ಒಮ್ಮೆಗೇ ತುಂಬಿಟ್ಟು, ಪಕ್ಕದಲ್ಲಿ ಬಿಸಿ ಆರದ ಸಾರಿನ ಪಾತ್ರೆಯನ್ನೂ ತುರುಕಿದರೆ ಯಾವ ಫ್ರಿಜ್ಜೂ ಸೋಲುತ್ತದೆ. ಟ್ರೇಯನ್ನು ಫ್ರೀಜರ್‌ನ ತಳಕ್ಕೆ ತಾಗುವಂತೆ ಇಡಿ. ಪ್ಲಾಸ್ಟಿಕ್‌ಗಿಂತ ಅಲ್ಯೂಮಿನಿಯಂ ಟ್ರೇಯಲ್ಲಿ ಬೇಗ ಕಟ್ಟುತ್ತದೆ. ಇನ್ನು ನಿಂಬೆ ಶರಬತ್ತನ್ನೇ ಟ್ರೇಗೆ ಸುರಿದಿದ್ದರೆ, ಸಕ್ಕರೆ ಮತ್ತು ಉಪ್ಪಿನಿಂದಾಗಿ ಅದು ಗಟ್ಟಿಯಾಗುವುದು ನೀರಿಗಿಂತ ತಡ. ಅದು ಫ್ರಿಜ್‌ನ ದೋಷವಲ್ಲ.

ಬಾಗಿಲಿನ ರಬ್ಬರ್

ಹತ್ತು ರೂಪಾಯಿ ನೋಟನ್ನು ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಹಿಡಿದು ಬಾಗಿಲು ಮುಚ್ಚಿ, ಮೆಲ್ಲಗೆ ಎಳೆಯಿರಿ. ಬಿಗಿ ಇದ್ದರೆ ಸರಿ. ಜಾರಿ ಬಂದರೆ ಆ ಜಾಗದಿಂದ ಬಿಸಿ ಗಾಳಿ ಒಳಗೆ ಹೋಗುತ್ತಿದೆ. ನಾಲ್ಕೂ ಬದಿಯಲ್ಲಿ ಹೀಗೆ ನೋಡಿ, ಕೆಳಗಿನ ಮೂಲೆಯನ್ನಂತೂ ಮರೆಯಬೇಡಿ. ಬರೀ ಜಿಡ್ಡು ಹಿಡಿದಿದ್ದರೆ ಸೋಪು ನೀರಿನಲ್ಲಿ ಒರೆಸಿದರೆ ಸಾಕು. ಸೊಟ್ಟಗಾಗಿದ್ದರೆ ಬಿಸಿ ನೀರಲ್ಲಿ ಹಿಂಡಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಹರಿದಿದ್ದರೆ ರಬ್ಬರ್ ಒಂದನ್ನೇ ಬದಲಾಯಿಸಬಹುದು. ಸಿಂಗಲ್ ಡೋರ್ ಫ್ರಿಜ್‌ನಲ್ಲಿ ಫ್ರೀಜರ್‌ಗೆ ಇರುವ ಪುಟ್ಟ ಪ್ಲಾಸ್ಟಿಕ್ ಬಾಗಿಲನ್ನೂ ಗಮನಿಸಿ. ಅದರ ಸ್ಪ್ರಿಂಗ್ ಹೋಗಿ ಅರ್ಧ ತೆರೆದೇ ನಿಂತಿದ್ದರೆ ಐಸ್ ಎಲ್ಲಿಂದ ಕಟ್ಟೀತು?

ಒಳಗೆ ಬೆಳೆದ ಗಡ್ಡೆ

ವಿಚಿತ್ರ ಎನಿಸಬಹುದು, ಐಸ್ ಕಟ್ಟದಿರಲು ಐಸೇ ಕಾರಣವಾಗುತ್ತದೆ. ಫ್ರೀಜರ್ ಗೋಡೆಯ ಮೇಲೆ ಬೆರಳ ದಪ್ಪದ ಪದರ ಬೆಳೆದರೆ ಅದು ಕಂಬಳಿಯಂತೆ ತಂಪನ್ನು ತಡೆಯುತ್ತದೆ. ಅರ್ಧ ಸೆಂಟಿಮೀಟರ್ ದಾಟುವಷ್ಟರಲ್ಲೇ ಡಿಫ್ರಾಸ್ಟ್ ಮಾಡಬೇಕು.

ನಮ್ಮ ಮನೆಯಲ್ಲಿ ಒಮ್ಮೆ ಅಕ್ಕ, ನೆಂಟರು ಬರುವ ಗಡಿಬಿಡಿಯಲ್ಲಿ, ಅಂಟಿಕೊಂಡ ಟ್ರೇ ಬಿಡಿಸಲು ಚಾಕು ತೂರಿಸಿದಳು. ‘ಸುಯ್’ ಎಂಬ ಸಣ್ಣ ಸದ್ದು ಬಂತು, ಅರ್ಧ ನಿಮಿಷದಲ್ಲಿ ನಿಂತಿತು. ಗೋಡೆಯಲ್ಲಿ ಸೂಜಿ ಚುಚ್ಚಿದಷ್ಟು ತೂತು. ಆ ಫ್ರಿಜ್ ಮತ್ತೆ ಮೊದಲಿನಂತೆ ಆಗಲೇ ಇಲ್ಲ. ಫ್ರೀಜರ್‌ನ ಅಲ್ಯೂಮಿನಿಯಂ ಗೋಡೆ ತೀರ ತೆಳುವಾದದ್ದು, ಗ್ಯಾಸ್ ಹರಿಯುವುದು ಅದರೊಳಗೇ. ಚಾಕು, ಸ್ಕ್ರೂಡ್ರೈವರ್, ಸಟ್ಟುಗ ಯಾವುದನ್ನೂ ಅಲ್ಲಿ ಹಾಕಲೇಬೇಡಿ. ಅಪ್ಪಿತಪ್ಪಿ ಅಂಥ ಸದ್ದು ಕೇಳಿದರೆ, ಸೋರುವ ಗ್ಯಾಸ್‌ಗೆ ಬೆಂಕಿ ತಗಲಬಹುದಾದ್ದರಿಂದ, ಯಾವ ಸ್ವಿಚ್ಚನ್ನೂ ಮುಟ್ಟದೆ, ಒಲೆ ಉರಿಯುತ್ತಿದ್ದರೆ ಆರಿಸಿ, ಕಿಟಕಿ ಬಾಗಿಲು ತೆರೆಯಿರಿ.

ಡಿಫ್ರಾಸ್ಟ್ ಮಾಡುವ ಸರಿಯಾದ ಕ್ರಮ ಇದು: ಪ್ಲಗ್ ಕಿತ್ತು, ಸಾಮಾನು ಹೊರತೆಗೆದು, ಬಾಗಿಲು ತೆರೆದಿಡಿ. ಒಳಗೆ ಮಡಿಸಿದ ಬಟ್ಟೆಯ ಮೇಲೆ ಒಂದು ಪಾತ್ರೆ ಬಿಸಿ ನೀರು ಇಡಿ. ಗಡ್ಡೆ ತಾನಾಗಿ ಕಳಚಿ ಬೀಳುತ್ತದೆ. ಒರೆಸಿ ಒಣಗಿಸಿ ಮತ್ತೆ ಹಾಕಿ.

ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಈ ಗಡ್ಡೆ ಕಣ್ಣಿಗೆ ಕಾಣದು, ಹಿಂದಿನ ಫಲಕದ ಒಳಗೆ ಬೆಳೆಯುತ್ತದೆ. ಅದನ್ನು ಆಗಾಗ ಕರಗಿಸಲು ಒಂದು ಹೀಟರ್ ಇರುತ್ತದೆ. ಅದು ಕೆಟ್ಟರೆ ಗಾಳಿಯ ದಾರಿ ಕಟ್ಟಿಕೊಂಡು ಮೊದಲು ಕೆಳಗಿನ ಹಾಲು, ತರಕಾರಿ ಬೆಚ್ಚಗಾಗುತ್ತವೆ, ಆಮೇಲೆ ಐಸ್ ಮೆದುವಾಗುತ್ತದೆ. ಪರೀಕ್ಷೆ ಸುಲಭ: 24 ಗಂಟೆ ಪೂರ್ತಿ ಆರಿಸಿ, ಬಾಗಿಲು ತೆರೆದಿಟ್ಟು ಮತ್ತೆ ಹಾಕಿ. ಕೆಲವು ದಿನ ಚೆನ್ನಾಗಿ ನಡೆದು ಮತ್ತೆ ಅದೇ ತೊಂದರೆ ಬಂದರೆ ಕೆಟ್ಟಿರುವುದು ಹೀಟರ್, ಸೆನ್ಸರ್ ಅಥವಾ ಟೈಮರ್. ಗ್ಯಾಸ್ ಅಲ್ಲ.

ಹಿಂಬದಿ ಮತ್ತು ಕರೆಂಟು

ಒಳಗಿನ ಶಾಖವನ್ನು ಫ್ರಿಜ್ ಹೊರಗೆ ಬಿಡಲೇಬೇಕು. ಹಿಂದಿನ ಕಪ್ಪು ಜಾಲರಿಯ ಮೇಲೆ ಧೂಳು ಕೂತಿದ್ದರೆ, ಗೋಡೆಗೆ ತಾಗಿಸಿ ಇಟ್ಟಿದ್ದರೆ, ಪಕ್ಕದಲ್ಲೇ ಒಲೆ ಇದ್ದರೆ ಅದಕ್ಕೆ ಉಸಿರು ಕಟ್ಟುತ್ತದೆ. ಪ್ಲಗ್ ತೆಗೆದು ಬ್ರಶ್‌ನಿಂದ ಧೂಳು ಝಾಡಿಸಿ, ಗೋಡೆಯಿಂದ ಒಂದು ಗೇಣು ದೂರ ಇಡಿ. ಹೊಸ ಮಾದರಿಗಳಲ್ಲಿ ಈ ಕೊಳವೆಗಳು ಪಕ್ಕದ ಗೋಡೆಯೊಳಗೇ ಇರುವುದರಿಂದ ಬದಿ ಬಿಸಿಯಾಗುವುದು ಸಹಜ.

ಫ್ರಿಜ್‌ಗೆ ಅಂಟಿಸಿರುವ ಚೀಟಿಯಲ್ಲಿ ಹವಾಮಾನ ವರ್ಗ ಬರೆದಿರುತ್ತದೆ. ‘ಎನ್’ ಎಂದರೆ 32 ಡಿಗ್ರಿವರೆಗೆ, ‘ಎಸ್‌ಟಿ’ 38, ‘ಟಿ’ 43 ಡಿಗ್ರಿವರೆಗಿನ ಸೆಕೆಗೆ ತಕ್ಕಂತೆ ಮಾಡಿದ್ದು. ನಲವತ್ತು ದಾಟುವ ಊರಿನವರು ಕೊಳ್ಳುವಾಗಲೇ ‘ಟಿ’ ಇದೆಯೇ ನೋಡಿಕೊಳ್ಳಿ.

ಸಂಜೆ ವೋಲ್ಟೇಜ್ ಇಳಿದಾಗ ಕಂಪ್ರೆಸರ್ ಹೊರಡಲಾರದೆ ಕೆಲವು ನಿಮಿಷಕ್ಕೊಮ್ಮೆ ‘ಟಕ್’ ಎಂದು ಸದ್ದು ಮಾಡಿ ಸುಮ್ಮನಾಗುತ್ತದೆ. ಬಲ್ಬೂ ಮಂಕಾಗಿದ್ದರೆ ಸ್ಟೆಬಿಲೈಸರ್ ಬೇಕು. ವೋಲ್ಟೇಜ್ ಸರಿಯಿದ್ದೂ ಹಾಗೇ ಆದರೆ ರಿಲೇ ಪರೀಕ್ಷೆ ಮಾಡಿಸಿ.

ತಾನಾಗಿ ಐಸ್ ಮಾಡುವ ಯಂತ್ರ

ನೀರಿನ ಪೈಪ್ ಜೋಡಿಸಿದ ದೊಡ್ಡ ಫ್ರಿಜ್‌ಗಳಲ್ಲಿ ಐಸ್ ಚಿಕ್ಕದಾಗಿ, ಟೊಳ್ಳಾಗಿ ಬಿದ್ದರೆ ಮೊದಲು ನೀರಿನ ಒತ್ತಡ ನೋಡಿ. ಹಲವು ಕೈಪಿಡಿಗಳು ಕನಿಷ್ಠ 20 ಪಿಎಸ್‌ಐ ಕೇಳುತ್ತವೆ. ಪಂಪ್ ಇಲ್ಲದೆ ಅಷ್ಟು ಒತ್ತಡ ಬರಲು ಟ್ಯಾಂಕ್ ಸುಮಾರು 14 ಮೀಟರ್ ಎತ್ತರದಲ್ಲಿರಬೇಕು. ನಮ್ಮ ಒಂದಂತಸ್ತಿನ ಮನೆಗಳ ತಾರಸಿ ಟ್ಯಾಂಕ್ ಮೂರು ನಾಲ್ಕು ಮೀಟರ್‌ಗಿಂತ ಮೇಲಿರುವುದಿಲ್ಲ. ಚಿಕ್ಕ ಬೂಸ್ಟರ್ ಪಂಪ್ ಹಾಕಿದರೆ ಸರಿಹೋಗುತ್ತದೆ. ಬೋರ್‌ವೆಲ್ ನೀರಿನ ಊರುಗಳಲ್ಲಿ ಫಿಲ್ಟರ್ ಬೇಗ ಕಟ್ಟಿಕೊಳ್ಳುವುದನ್ನೂ ನೆನಪಿಡಿ.

ನಿಜವಾಗಿಯೂ ಗ್ಯಾಸ್ ಹೋಗಿದ್ದರೆ

ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿದೆ, ಕೈ ಇಡಲಾಗದಷ್ಟು ಬಿಸಿಯಾಗಿದೆ, ಹಿಂದಿನ ಜಾಲರಿ ಮಾತ್ರ ಬೆಚ್ಚಗೂ ಇಲ್ಲ, ಫ್ರೀಜರ್‌ನಲ್ಲಿ ಅಂಗೈಯಗಲ ಜಾಗದಲ್ಲಷ್ಟೇ ಮಂಜು ಕೂತಿದೆ ಎಂದಾದರೆ ಗ್ಯಾಸ್ ಸೋರಿರುವ ಸಾಧ್ಯತೆ ಹೆಚ್ಚು. ಇದು ನಾವು ಕೈ ಹಾಕುವ ಕೆಲಸವಲ್ಲ. ಆದರೆ ಎದುರಿಗೆ ನಿಂತು ಕೇಳಬೇಕಾದ ಪ್ರಶ್ನೆ ಒಂದಿದೆ: ‘ಎಲ್ಲಿ ಸೋರಿದೆ, ತೋರಿಸಿ.’ ತೂತು ಹುಡುಕಿ ಮುಚ್ಚದೆ ಬರೀ ಗ್ಯಾಸ್ ತುಂಬಿದರೆ ಅದೂ ಅದೇ ದಾರಿಯಲ್ಲಿ ಹೋಗುತ್ತದೆ, ಮುಂದಿನ ಬೇಸಿಗೆಗೆ ಮತ್ತೆ ಅದೇ ಬಿಲ್ಲು.

ಕಂಪ್ರೆಸರ್ ಮೇಲಿನ ಚೀಟಿಯನ್ನೂ ಓದಿ. ‘ಆರ್ 600ಎ’ ಎಂದಿದ್ದರೆ ಅದು ಐಸೊಬ್ಯುಟೇನ್, ಬೆಂಕಿ ತಗಲುವ ಅನಿಲ. ಅದರ ಕೆಲಸ ಬಲ್ಲವರನ್ನೇ ಕರೆಯಿರಿ, ಫ್ರಿಜ್ಜನ್ನು ಮುಚ್ಚಿದ ಅಡುಗೆಮನೆಯಿಂದ ಗಾಳಿಯಾಡುವ ಕಡೆಗೆ ತಂದಿಡಿ, ಕೆಲಸ ಮುಗಿಯುವವರೆಗೆ ಮಕ್ಕಳನ್ನು ಹತ್ತಿರ ಬಿಡಬೇಡಿ.